ಕೊನೆಗೆ ಉಣ್ಣುವವಳ ಹಲ್ಲು

ನನ್ನ ನೆಗೆಣ್ಣಿಯ ಹಲ್ಲುಗಳನ್ನು ನಾನು ನೋಡಿದಷ್ಟು ಅವಳ ಗಂಡನೂ ನೋಡಿರಲಿಕ್ಕಿಲ್ಲ. ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ, ನಮ್ಮ ಮನೆಯ ಕಿರಿಸೊಸೆ. ಅವಳು ನಕ್ಕರೆ ನೋಡುತ್ತಿದ್ದೆ, ಆಕಳಿಸಿದರೆ ನೋಡುತ್ತಿದ್ದೆ, ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಪಿನ್ನು ಬಾಯಲ್ಲಿ ಕಚ್ಚಿಕೊಂಡು ಸೀರೆಯ ನೆರಿಗೆ ಹಿಡಿಯುವಾಗಲೂ ಒಲೆಯ ಮುಂದಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಒಂದೇ ಅಳತೆಯ, ಒಂದೇ ಬಿಳುಪಿನ, ಸಾಲು ತಪ್ಪದ ಹಲ್ಲುಗಳು. ಅಂಥ ಹಲ್ಲು ಇರುವವಳು ಬಾಯಿ ಮುಚ್ಚಿಕೊಂಡು ಇರುತ್ತಾಳೆಯೇ? ಎಲ್ಲದಕ್ಕೂ ನಗು. ಹಾಲು ಉಕ್ಕಿದರೆ ನಗು, ಕರೆಂಟು ಹೋದರೆ ನಗು, ಮಾವ ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ಪಕ್ಕದ ಮನೆಗೆ ಕೇಳುವಂಥ ನಗು.

ನನಗೆ ಆಗ ಇಪ್ಪತ್ತೇಳು. ನಗು ಬಂದರೆ ನನ್ನ ಕೈ ತಾನಾಗಿ ಸೆರಗನ್ನು ಬಾಯಿಗೆ ಒಯ್ಯುತ್ತಿತ್ತು. ನೋಡಿದವರು ಪಾಪ, ನಾಚಿಕೆಯ ಹೆಣ್ಣುಮಗಳು ಅಂದುಕೊಳ್ಳುತ್ತಿದ್ದರು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ತುದಿ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೇನೋ ಅನ್ನುವ ಹಾಗಾಗಿತ್ತು. ಅದರ ಪಕ್ಕದ್ದು ಒಂದು ಸಂಜೆ ಮಂಡಕ್ಕಿ ತಿನ್ನುವಾಗ ಚಕ್ಕೆ ಎದ್ದು ಹೋಗಿತ್ತು. ಮಂಡಕ್ಕಿ! ಕಲ್ಲಲ್ಲ, ಕಬ್ಬಲ್ಲ. ಹಿಂದಿನ ದವಡೆಯಲ್ಲಿ ಎರಡು ಹುಳುಕು ಬೇರೆ. ಒಂದೇ ಮನೆಯಲ್ಲಿ, ಒಂದೇ ನೀರು ಕುಡಿದು, ಒಂದೇ ಅನ್ನ ತಿಂದು, ಅವಳಿಗೆ ಹಾಗೆ, ನನಗೆ ಹೀಗೆ. ನಾನು ಹೊಟ್ಟೆಕಿಚ್ಚು ಪಟ್ಟೆ. ಚೆನ್ನಾಗಿಯೇ ಪಟ್ಟೆ. ಆ ಕಿಚ್ಚಿನಿಂದಲೇ ನಿನಗೆ ಎದೆಯುರಿ ಬಂದದ್ದು ಅಂತ ನನ್ನ ಗಂಡ ಒಮ್ಮೆ ನಗೆಯಾಡಿದ್ದಾನೆ. ಆ ಜೋಕು ಆಗಿಹೋಗಿದೆ, ಇನ್ನೊಬ್ಬರು ಅದನ್ನು ಮಾಡುವ ಅಗತ್ಯವಿಲ್ಲ.

ನಾನು ಜಗಳೂರು ಸೀಮೆಯವಳು. ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡು ಜಾಸ್ತಿ ಅನ್ನುವುದು ಸುತ್ತಲಿನ ಎಲ್ಲರಿಗೂ ಗೊತ್ತು. ನನ್ನ ಅವ್ವನ ಹಲ್ಲು ಪೂರ್ತಿ ಕಂದು. ನಾನು ಹುಟ್ಟಿದ ಮೇಲೆ ಅಪ್ಪ ಕುಡಿಯುವ ನೀರನ್ನು ಮಾತ್ರ ದೂರದ ಸಿಹಿನೀರಿನ ಬಾವಿಯಿಂದ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ತರುತ್ತಿದ್ದ. ಹಾಗಾಗಿ ನನ್ನ ಹಲ್ಲಿನ ಮೇಲೆ ಒಂದೆರಡು ತೆಳು ಗೆರೆ ಬಿಟ್ಟರೆ ಬೇರೆ ದೋಷವಿರಲಿಲ್ಲ. ಆದರೂ ನಮ್ಮ ಕಡೆ ಹೆಣ್ಣು ನೋಡಲು ಹೊರಗಿನಿಂದ ಬರುವವರು ಒಂದು ಶಾಸ್ತ್ರ ತಪ್ಪಿಸುವುದಿಲ್ಲ. ಹೆಣ್ಣಿನ ನಡಿಗೆ ನೋಡುತ್ತಾರೋ ಬಿಡುತ್ತಾರೋ, ನಗಿಸಿ ನೋಡುತ್ತಾರೆ. ಹೊನ್ನಾಳಿಯಿಂದ ನನ್ನನ್ನು ನೋಡಲು ಬಂದ ದಿಬ್ಬಣದಂಥ ಗುಂಪಿನಲ್ಲಿ ಗಂಡಿನ ಸೋದರತ್ತೆ ಒಬ್ಬರಿದ್ದರು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಸಿ ಕೈ ಒರೆಸಿಕೊಂಡು, "ಯಾಕವ್ವಾ ಅಷ್ಟು ಬಿಗಿಯಾಗಿ ಕುಂತೀಯ, ಒಂದೀಟು ನಗು ನೋಡಾನ" ಅಂದರು. ನಕ್ಕೆ. "ಗೆರೆ ಐತೆ. ಆದ್ರೂ ಅಡ್ಡಿ ಇಲ್ಲ" ಅಂತ ನನ್ನ ಎದುರಿಗೇ ತೀರ್ಪು ಕೊಟ್ಟರು. ಹೀಗೆ ನಾನು ಪಾಸಾಗಿ ಹೊನ್ನಾಳಿಗೆ ಬಂದೆ.

ಬಂದ ಮೇಲೆ ಕುಡಿದದ್ದು ತುಂಗಭದ್ರೆಯ ನೀರು. ಆ ಲೆಕ್ಕಕ್ಕೆ ನನ್ನ ಹಲ್ಲು ಇದ್ದಂತೆಯೇ ಇರಬೇಕಿತ್ತು. ಅವು ಹಾಳಾಗಲು ಶುರುವಾದದ್ದೇ ಇಲ್ಲಿಗೆ ಬಂದ ಮೇಲೆ. ಆದರೆ ಯಾಕೆ ಅಂತ ತಲೆ ಕೆಡಿಸಿಕೊಳ್ಳುವ ಕಷ್ಟವನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಜಗಳೂರು ನೀರು ಅಂದುಬಿಟ್ಟರೆ ಮಾತು ಮುಗಿಯಿತು. ಅತ್ತೆ ಅಂದರು, ಪಕ್ಕದ ಮನೆಯವರು ಅಂದರು, ಗ್ಯಾಸಿನ ಪುಡಿ ಕೊಡುವ ಮೆಡಿಕಲ್ ಶಾಪಿನವರೂ ಅಂದರು. ಕೊನೆಗೆ ಯಾರಾದರೂ ನನ್ನ ಬಾಯಿಯ ಕಡೆ ನೋಡಿದರೆ ಸಾಕು, ನಾನೇ ಮುಂಚಿತವಾಗಿ ಅದನ್ನು ಹೇಳುವುದು ರೂಢಿಯಾಯಿತು. ನನ್ನ ನೆಗೆಣ್ಣಿ ಸವಳಂಗದ ಕಡೆಯವಳು. "ಆ ಕಡೆ ನೀರು ಅಂದ್ರೆ ಅಮೃತ ಕಣ್ರೀ, ಹಲ್ಲು ನೋಡಿದ್ರೆ ಗೊತ್ತಾಗಲ್ವಾ" ಅಂತ ಅತ್ತೆ ಮನೆಗೆ ಬಂದವರ ಮುಂದೆ ಹೇಳುವಾಗ ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿರುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಊಟದ ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅತ್ತೆಗೆ ಸ್ವಂತ ಹಲ್ಲಿಲ್ಲ. ಕಟ್ಟಿಸಿದ ಸೆಟ್ಟು ಒಂದು ಸ್ಟೀಲ್ ಡಬ್ಬಿಯಲ್ಲಿ ನೀರಿನೊಳಗೆ ಇರುತ್ತದೆ, ಮದುವೆ ಮನೆಗಳಿಗೆ ಹೋಗುವಾಗ ಮಾತ್ರ ಹೊರಗೆ ಬರುತ್ತದೆ. ಅವರು ಏಳು ಗಂಟೆಗೇ ಮೆತ್ತಗೆ ಕಿವುಚಿದ ಅನ್ನ ಸಾರು ಉಂಡು ಧಾರಾವಾಹಿಯ ಮುಂದೆ ಕೂತುಬಿಡುವರು. ಎಂಟಕ್ಕೆ ಮಾವ, ಮೈದುನ ಮತ್ತು ನನ್ನ ನೆಗೆಣ್ಣಿ ಉಣ್ಣುವರು. ಅವಳು ನ್ಯಾಮತಿಯ ಒಂದು ಆಫೀಸಿನಲ್ಲಿ ಸಂಬಳದ ಕೆಲಸದವಳು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ, "ನೀನು ಅವ್ರ ಜತೀಗೇ ಉಂಡು ಮಲಕ್ಕ್ಯಾ ತಾಯಿ, ಬೆಳಿಗ್ಗೆ ಎದ್ದು ಬಸ್ಸಿಗೆ ಓಡಬೇಕು" ಅಂದಿದ್ದರು. ನಾನೂ ಬೆಳಿಗ್ಗೆ ಅವಳಿಗಿಂತ ಮುಂಚೆ ಏಳುತ್ತಿದ್ದೆ, ಆದರೆ ನಾನು ಓಡುವುದು ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಒಲೆಗೆ. ಅದಕ್ಕೆ ಬಸ್ಸಿಲ್ಲ.

ನನ್ನ ಗಂಡನದು ಬೀಜ ಗೊಬ್ಬರದ ಅಂಗಡಿ. ಬಾಗಿಲು ಎಳೆದು, ನಾಲ್ಕು ಜನರ ಹತ್ತಿರ ಮಾತಾಡಿ ಮನೆಗೆ ಬರುವಾಗ ಹತ್ತಾಗುತ್ತದೆ. ಅವನು ಉಂಡ ಮೇಲೆ ನಾನು. ಇದನ್ನು ಯಾರೂ ಗೋಡೆಗೆ ಬರೆದು ಹಾಕಿರಲಿಲ್ಲ, ನನ್ನನ್ನು ಕೂರಿಸಿಕೊಂಡು ಹೇಳಿಯೂ ಇರಲಿಲ್ಲ. ಹಿರಿಸೊಸೆ ಎಲ್ಲರಿಗೂ ನೀಡಿ ಕಡೆಗೆ ಉಣ್ಣುತ್ತಾಳೆ ಅನ್ನುವುದು ಆ ಮನೆಯ ಬಾಗಿಲು ಪೂರ್ವಕ್ಕಿದೆ ಅನ್ನುವಷ್ಟೇ ಸಹಜವಾಗಿತ್ತು. ಅಷ್ಟು ಹೊತ್ತಿಗೆ ರೊಟ್ಟಿ ಆರಿ ಚಕ್ಕಳವಾಗಿರುತ್ತಿತ್ತು, ಸಾರು ತಳ ಸೇರಿರುತ್ತಿತ್ತು. ಹಸಿದ ಹೊಟ್ಟೆಗೆ ಗಬಗಬನೆ ತಿಂದು, ಪಾತ್ರೆ ಬೆಳಗಿಟ್ಟು ಹಾಸಿಗೆಗೆ ಬಿದ್ದುಬಿಡುತ್ತಿದ್ದೆ. ಕಣ್ಣು ಹತ್ತುವಷ್ಟರಲ್ಲಿ ಎದೆಯ ನಡುವೆ ಉರಿ ಏಳುತ್ತಿತ್ತು. ಹುಳಿತೇಗು ಬಂದು ಗಂಟಲಿಗೆ, ಗಂಟಲಿನಿಂದ ಬಾಯಿಗೆ ಹುಳಿ ನೀರು ನುಗ್ಗುತ್ತಿತ್ತು. ಇದು ಒಂದು ದಿನದ ಮಾತಲ್ಲ, ಸುಮಾರು ವರ್ಷಗಳ ಪಾಡು.

ಅಷ್ಟು ಹೊತ್ತಿನವರೆಗೆ ತಡೆಯಲು ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಇರುತ್ತಿತ್ತು. ನೆಗೆಣ್ಣಿ ಬಸ್ಸಿಳಿದು ಬರುವಾಗ ಗಾಡಿಯವನ ಹತ್ತಿರ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುವಳು. ಇದನ್ನು ಹೇಳಲೇಬೇಕು, ಅವಳು ನನ್ನನ್ನು ಬಿಟ್ಟು ಎಂದೂ ತಿಂದವಳಲ್ಲ. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದೇ ಪೇಪರಿನಿಂದ ತಿನ್ನುತ್ತಿದ್ದೆವು. ಅವಳು ನನಗಿಂತ ಎರಡು ಬಜ್ಜಿ ಹೆಚ್ಚೇ ತಿನ್ನುತ್ತಿದ್ದಳು. ಅವಳಿಗೆ ಒಂದು ತೇಗೂ ಇಲ್ಲ. ಕಲ್ಲು ಹಾಕಿದರೂ ಕರಗಿಸುವ ಹೊಟ್ಟೆ. ನನಗೋ, ಮೆಣಸಿನಕಾಯಿ ಗಂಟಲಿನಿಂದ ಇಳಿಯುವಾಗಲೇ ವಾಪಸ್ ಬರುವ ದಾರಿ ನೋಡಿಕೊಂಡಿರುತ್ತಿತ್ತು. ಹಲ್ಲೂ ಅವಳದೇ, ಹೊಟ್ಟೆಯೂ ಅವಳದೇ, ಸಂಬಳವೂ ಅವಳದೇ. ದೇವರು ಹಂಚುವಾಗ ಯಾರ ಕಡೆ ನೋಡುತ್ತಿದ್ದನೋ ಗೊತ್ತಿಲ್ಲ.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಹಲ್ಲಿಗೆ ಏನು ಹಚ್ತೀಯೇ ನೀನು?"

"ಏನಿಲ್ಲಕ್ಕ. ಯಾವಾಗಾದ್ರೊಮ್ಮೆ ನಿಂಬೆಹಣ್ಣಿನ ಸಿಪ್ಪಿಗೆ ಉಪ್ಪು ಹಾಕಿ ತಿಕ್ತೀನಿ. ಪಳಪಳ ಅಂತಾವೆ" ಅಂದಳು, ಮತ್ತು ಪಳಪಳ ನಕ್ಕಳು.

ಅವಳು ಯಾವಾಗಾದರೊಮ್ಮೆ ಮಾಡುವುದನ್ನು ನಾನು ದಿನಾ ಮಾಡಲು ಹಿಡಿದೆ. ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ನಿಂಬೆಸಿಪ್ಪೆಗೆ ಉಪ್ಪು ಒತ್ತಿ ತಿಕ್ಕಿದೆ. ಜುಂ ಅನ್ನುತ್ತಿತ್ತು. ಜುಂ ಅಂದರೆ ಕೆಲಸ ಮಾಡುತ್ತಿದೆ ಅಂತ ಇನ್ನಷ್ಟು ಒತ್ತಿ ತಿಕ್ಕಿದೆ. ಹುಳಿ ನೀರು ಬಾಯಿಗೆ ಬಂದಾಗಲೆಲ್ಲ ಎದ್ದು ಹೋಗಿ ಬ್ರಷ್ಷು ಹಿಡಿದು ಗಸಗಸ ಉಜ್ಜಿ ಬರುತ್ತಿದ್ದೆ, ಬಾಯಿ ಹೊಲಸಾಗಿದೆ, ಹಲ್ಲು ಉಳಿಯಬೇಕಾದರೆ ತಕ್ಷಣ ತೊಳೆಯಬೇಕು ಅಂತ. ಹೊಸ ಬ್ರಷ್ಷಿನ ಕೂದಲು ತಿಂಗಳು ತುಂಬುವ ಮೊದಲೇ ಅಂಗಾತ ಬೀಳುತ್ತಿತ್ತು. ಗ್ಯಾಸಿಗೆ ಒಳ್ಳೆಯದು ಅಂತ ಮಧ್ಯಾಹ್ನಕ್ಕೊಂದು ನಿಂಬೆ ಸೋಡಾ. ಇಷ್ಟೆಲ್ಲ ಉಪಚಾರ ಪಡೆದ ಹಲ್ಲು ಹೊನ್ನಾಳಿ ತಾಲ್ಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಅವಳ ಹಲ್ಲು ಬೆಳ್ಳಗಾಗುತ್ತ ಹೋದಂತೆ ನನಗೆ ಕಾಣುತ್ತಿತ್ತು, ನನ್ನವು ಹಳದಿಯಾಗುತ್ತ ಬಂದವು.

ಆ ಹೊತ್ತಿನಲ್ಲೇ ಸಂಬಂಧಿಕರ ಮನೆಯ ನಾಮಕರಣದಲ್ಲಿ ನಮ್ಮ ಮನೆಯವರೆಲ್ಲ ಸೇರಿ ಫೋಟೋ ತೆಗೆಸಿಕೊಂಡೆವು. ಫೋಟೋದವನು, "ಅಕ್ಕೋರೆ, ಹಸಿರು ಸೀರೆ ಅಕ್ಕೋರೆ, ಒಂಚೂರು ನಗ್ರಿ" ಅಂತ ನನ್ನೊಬ್ಬಳನ್ನೇ ಗುರಿಯಿಟ್ಟು ಕೂಗಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತುಟಿ ಬಿಗಿದುಕೊಂಡು ನಿಂತೆ. ಅತ್ತೆ ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕಿಸಿದ್ದಾರೆ. ಅದರಲ್ಲಿ ಅತ್ತೆ ಕೂಡ ಸ್ಟೀಲ್ ಡಬ್ಬಿಯ ಹಲ್ಲು ತೋರಿಸಿ ನಗುತ್ತಿದ್ದಾರೆ. ನಾನು ಮಾತ್ರ ಬಾಯಿ ಮುಕ್ಕಳಿಸಲು ನೀರು ಹಾಕಿಕೊಂಡವಳು ಉಗುಳಲು ಜಾಗ ಸಿಗದೆ ನಿಂತ ಹಾಗೆ ಇದ್ದೇನೆ.

ಚಕ್ಕೆ ಎದ್ದ ಹಲ್ಲು ನೋಯಲು ಶುರುವಾದಾಗ ಪಕ್ಕದ ಮನೆಯವರು, "ಜಗಳೂರು ಹಲ್ಲು ಉಳಿಯಲ್ಲ ಬಿಡ್ರಿ. ಮುಂದಿನವು ಕೀಳಿಸಿ ಕಟ್ಟಿಸ್ಕಂಡ್ಬಿಡ್ರಿ, ಚಂದ ಕಾಣ್ತಾವೆ" ಅಂದರು. ಇಪ್ಪತ್ತೇಳಕ್ಕೆ ಕಟ್ಟಿಸಿದ ಹಲ್ಲು! ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆಯ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇಟ್ಟಂತೆ ಕಣ್ಣಿಗೆ ಕಟ್ಟಿತು. ನನಗೆ ನಿಜವಾಗಿ ಭಯವಾದದ್ದು ಅವತ್ತು. ಆ ಮುಂದಿನ ಹಲ್ಲುಗಳು ನನಗೆ ಬೇಕಿತ್ತು. ಚಂದಕ್ಕೂ ಬೇಕಿತ್ತು, ಕಚ್ಚುವುದಕ್ಕೂ ಬೇಕಿತ್ತು, ಅವಳ ಪಕ್ಕ ಕೂತು ಒಂದು ಸಲವಾದರೂ ಬಾಯಿ ಬಿಟ್ಟು ನಗುವುದಕ್ಕಂತೂ ಬೇಕೇ ಬೇಕಿತ್ತು.

ಹೊನ್ನಾಳಿಯಲ್ಲಿ ತೋರಿಸಿದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ನನ್ನ ಅಕ್ಕನನ್ನು ಚನ್ನಗಿರಿ ಹತ್ತಿರ ಕತ್ತಲಗೆರೆಗೆ ಕೊಟ್ಟಿದೆ. ಅವಳ ಅತ್ತೆಗೆ ಹುಷಾರಿಲ್ಲ, ಮಾತಾಡಿಸಿಕೊಂಡು ಬರುತ್ತೇನೆ ಅಂತ ಹೇಳಿ ಬಸ್ಸು ಹತ್ತಿದೆ. ಪಾಪ, ಆ ಅಜ್ಜಿ ಗುಂಡುಕಲ್ಲಿನ ಹಾಗೆ ಇದ್ದರು. ಅಕ್ಕ ನನ್ನನ್ನು ನೇರ ಚನ್ನಗಿರಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ನನಗಿಂತ ಚಿಕ್ಕ ಹುಡುಗಿ. ಅವಳ ಹಲ್ಲೂ ಚೆನ್ನಾಗಿದ್ದವು, ಕೋಟಿಗೆ ಇಸ್ತ್ರಿ ಇತ್ತು, ಮಧ್ಯಾಹ್ನದ ಊಟದ ಡಬ್ಬಿ ಮೇಜಿನ ಪಕ್ಕ ಸಿದ್ಧವಾಗಿತ್ತು. ಕೂತ ಎರಡು ನಿಮಿಷದಲ್ಲಿ ಅವಳ ಮೇಲೂ ನನಗೆ ಹೊಟ್ಟೆ ಉರಿಯಿತು. ಬಾಯಿ ತೆರೆಯುವ ಮೊದಲು ರೂಢಿಯಂತೆ, "ಜಗಳೂರು ನೀರು ರೀ" ಅಂದೆ. ಅವಳು ಹೂಂ ಅಂದು, ಸಣ್ಣ ಕನ್ನಡಿ ಒಳಗೆ ಹಾಕಿ ಬಹಳ ಹೊತ್ತು ನೋಡಿದಳು.

"ಅಕ್ಕ, ನಿಮಗೆ ಎದೆಯುರಿ ಬರ್ತೈತಾ? ಮಲಗಿದಾಗ ಬಾಯಿಗೆ ಹುಳಿ ನೀರು?"

ಹಲ್ಲು ನೋಡಲು ಕೂತವಳಿಗೆ ನನ್ನ ಹೊಟ್ಟೆಯ ಸಂಗತಿ ಹೇಗೆ ತಿಳಿಯಿತು ಅಂತ ಗಾಬರಿಯಾಯಿತು. ಅಕ್ಕನ ಮುಖ ನೋಡಿದೆ. ಆಮೇಲೆ ಹೌದು ಅಂತ ತಲೆಯಾಡಿಸಿದೆ.

ಡಾಕ್ಟರು ನನ್ನ ಕೈಗೊಂದು ಕನ್ನಡಿ ಕೊಟ್ಟು, ತನ್ನ ಸಣ್ಣ ಕನ್ನಡಿಯನ್ನು ಮೇಲಿನ ಹಲ್ಲುಗಳ ಹಿಂದೆ ಹಿಡಿದಳು. ನನ್ನ ಹಲ್ಲಿನ ಹಿಂಭಾಗವನ್ನು ನಾನು ಅವತ್ತೇ ಮೊದಲು ನೋಡಿದ್ದು. ಬಳಸಿ ಬಳಸಿ ಸವೆದ ಸೋಪಿನ ಹಾಗೆ ಅವು ಒಳಗಿನಿಂದ ತಗ್ಗಾಗಿದ್ದವು, ನಡುವೆ ಹಳದಿ ಎದ್ದು ಕಾಣುತ್ತಿತ್ತು. "ಮುಂದಿನ ಗೆರೆ ನೀರಿಂದು. ಅದು ಬರೀ ಬಣ್ಣ ಅಕ್ಕ, ಅದ್ರಿಂದ ನಿಮ್ಮ ಹಲ್ಲು ಹಿಂಗೆ ಒಳಗಡೆ ಸವೆಯಲ್ಲ" ಅಂದಳು. "ಇದು ಹೊಟ್ಟೆ ಆಸಿಡ್ ಮಾಡಿದ್ದು. ನೀವು ಮಲಗಿದಾಗ ಅದು ಮೇಲೆ ಬಂದು ಈ ಹಿಂಭಾಗಕ್ಕೆ ತಾಗ್ತೈತೆ. ನಿದ್ದೇಲಿ ಬಾಯಾಗೆ ಜೊಲ್ಲು ಕಮ್ಮಿ, ತೊಳೆಯೋರು ಯಾರೂ ಇಲ್ಲ. ಮೇಲಿನ ಗಟ್ಟಿ ಪದರ ಕರಗಿ ತೆಳ್ಳಗಾದ್ರೆ ಆಮೇಲೆ ಹುಳುಕು ಹಿಡಿಯಾಕೆ ಎಷ್ಟೊತ್ತು? ನಿಮ್ಮ ವಯಸ್ಸಿನೋರೇ ಇದನ್ನ ತಗಂಡು ಬರ್ತಿರ್ತಾರೆ, ಅವರಿಗೂ ಗೊತ್ತಿರಲ್ಲ."

ಹುಳಿ ಬಂದಾಗ ಏನು ಮಾಡುತ್ತೀರಿ ಅಂತ ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ, ತಕ್ಷಣ ಎದ್ದು ಬ್ರಷ್ ಮಾಡುತ್ತೇನೆ ಅಂತ. ನಿಂಬೆಸಿಪ್ಪೆಯ ವಿಷಯವನ್ನೂ ಹೇಳಿದೆ, ಸೋಡಾ ವಿಷಯವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಗೆ ಹಾಕಿದಳು. "ಆಸಿಡ್ ತಾಗಿ ಮೆತ್ತಗಾಗಿರೋ ಹಲ್ಲನ್ನ ನೀವು ಬ್ರಷ್ಷಿಂದ ಉಜ್ಜಿ ಉಜ್ಜಿ ತೆಗೆದೀರಿ ಅಕ್ಕ. ಮೇಲೆ ನಿಂಬೆಹುಳಿ ಬೇರೆ. ಹುಳಿ ಬಂದ್ರೆ ಬರೀ ನೀರಿಂದ ಬಾಯಿ ಮುಕ್ಕಳಿಸ್ರಿ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಬ್ರಷ್ ಮುಟ್ಟಬ್ಯಾಡ್ರಿ."

ಆಮೇಲೆ ಬಂತು ನಿಜವಾದ ಪ್ರಶ್ನೆ. "ರಾತ್ರಿ ಊಟ ಎಷ್ಟೊತ್ತಿಗೆ?"

"ಹತ್ತೂವರೆ."

"ಮಲಗೋದು?"

"ಉಂಡ ಕೂಡ್ಲೇ."

"ಎಂಟಕ್ಕೆ ಉಣ್ರಿ" ಅಂದಳು. ಎಷ್ಟು ಸುಲಭವಾಗಿ ಅಂದಳು ಅಂದರೆ, ಕಿಟಕಿ ತೆಗೀರಿ ಅಂದ ಹಾಗೆ.

ಅಕ್ಕ ಕಿಸಕ್ಕನೆ ನಕ್ಕಳು. "ಅದೊಂದು ಬಿಟ್ಟು ಬ್ಯಾರೆ ಏನಾರ ಹೇಳ್ರಿ ಡಾಕ್ಟ್ರೇ." ಡಾಕ್ಟರು ನಗಲಿಲ್ಲ. ಹುಳುಕು ತುಂಬುತ್ತೇನೆ, ಚಕ್ಕೆ ಎದ್ದದ್ದನ್ನು ಸರಿ ಮಾಡುತ್ತೇನೆ, ಮುಂದಿನ ಎರಡನ್ನೂ ಉಳಿಸಬಹುದು, ಹೊಟ್ಟೆಯ ಡಾಕ್ಟರಿಗೂ ತೋರಿಸಿ ಮಾತ್ರೆ ತಗೊಳ್ಳಿ, ಆದರೆ ಉಂಡ ಬಾಯಲ್ಲೇ ಮಲಗುವುದು ನಿಲ್ಲದಿದ್ದರೆ ಮೇಲಿನಿಂದ ನಾನು ಮಾಡಿದ್ದೆಲ್ಲ ಒಳಗಿನಿಂದ ಹೋಗುತ್ತದೆ ಅಂತ ಬಿಡಿಸಿ ಹೇಳಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಅವತ್ತೇ ತುಂಬಿಸಿಕೊಂಡ ಹಲ್ಲಿನ ಮೇಲೆ ನಾಲಿಗೆ ಆಡಿಸುತ್ತ ಕೂತೆ. ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ತಪ್ಪು ವಸ್ತುವಿನ ಮೇಲೆ. ಅವಳ ಹಲ್ಲಿನ ಮೇಲಲ್ಲ, ಅವಳ ಎಂಟು ಗಂಟೆಯ ತಟ್ಟೆಯ ಮೇಲೆ ಪಡಬೇಕಿತ್ತು. ಅವಳ ಹೊಟ್ಟೆ ಕಲ್ಲು ಕರಗಿಸುವುದಲ್ಲ, ಅದಕ್ಕೆ ಕರಗಿಸಲು ಹೊತ್ತು ಸಿಗುತ್ತಿತ್ತು, ಅಷ್ಟೇ. ಅವಳು ಉಂಡು, ಫೋನು ನೋಡಿ, ಅವ್ವನ ಹತ್ತಿರ ಮಾತಾಡಿ, ಅಂಗಳದಲ್ಲಿ ಗಂಡನ ಜೊತೆ ಅಡ್ಡಾಡಿ ಮಲಗುವಷ್ಟರಲ್ಲಿ ನಾನಿನ್ನೂ ಬೇರೆಯವರ ತಟ್ಟೆ ತೊಳೆಯುತ್ತಿರುತ್ತಿದ್ದೆ. ಇದು ತಿಳಿದ ಮೇಲೆ ಅಸೂಯೆ ಕಡಿಮೆಯಾಗಬೇಕಿತ್ತೇನೋ. ನನಗೆ ದುಪ್ಪಟ್ಟಾಯಿತು.

ಗಂಡನಿಗೆ ಹೇಳಿದೆ. "ಅಷ್ಟೇ ತಾನೆ? ಉಣ್ಣು. ಯಾರು ಬ್ಯಾಡ ಅಂದಾರೆ ನಿನಗೆ?" ಅಂದ. ಯಾರೂ ಬೇಡ ಅಂದಿರಲಿಲ್ಲ, ಅದು ನಿಜ. ಹಾಗಾದರೆ ನಿನ್ನ ಅವ್ವನಿಗೆ ನೀನೇ ಹೇಳು ಅಂದರೆ, "ಅದೆಲ್ಲ ಹೆಂಗಸರ ವಿಷಯ, ನಾ ಹೆಂಗೆ ಹೇಳ್ಲಿ" ಅಂತ ಮಗ್ಗುಲಾದ.

ಅತ್ತೆಗೆ ನಾನೇ ಹೇಳಿದೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ, ಚನ್ನಗಿರಿಗೆ ಹೋದದ್ದನ್ನೂ, ಡಾಕ್ಟರು ಹೇಳಿದ್ದನ್ನೂ. ಅವರಿಗೆ ಸಿಟ್ಟು ಬಂತು. "ತಡವಾಗಿ ಉಂಡ್ರೆ ಹಲ್ಲು ಹೋಗ್ತಾವೆ ಅಂತ ಯಾರು ಹೇಳಿದ್ರು ಅವ್ಳಿಗೆ? ನಾವು ಉಣ್ಣಲಿಲ್ಲೇನು? ಈ ಮನ್ಯಾಗೆ ಇಷ್ಟು ವರ್ಷ ಎಲ್ಲರದೂ ಆದ್ಮೇಲೇ ಉಂಡೋಳು ನಾನು. ಉಂಡು ಅಲ್ಲೇ ಒಲೀ ಮುಂದೇನೇ ಒರಗ್ತಿದ್ದೆ. ನಮಗೇನಾಗೇತೆ?"

ಅವರ ಸೆಟ್ಟು ಡಬ್ಬಿಯಲ್ಲಿತ್ತು. ಆ ಖಾಲಿ ಬಾಯಿಂದಲೇ ಅವರು ಇದನ್ನು ಹೇಳುತ್ತಿದ್ದರು. ನಾನು ಆ ಬಾಯಿಯನ್ನೇ ನೋಡುತ್ತ ನಿಂತೆ. "ನಿಮ್ಮ ಹಲ್ಲು ಯಾವಾಗ ಹೋಗಾಕೆ ಶುರುವಾದ್ವು ಅತ್ತೆ?" ಅಂದೆ.

"ನಿನ್ನ ಮೈದುನ ಕೂಸಿದ್ದಾಗ" ಅಂದರು.

ಅಂದರೆ ನನಗಿಂತ ಅಷ್ಟೇನೂ ದೊಡ್ಡವರಲ್ಲ ಆಗ. ಅವರ ತವರು ಹೊಳೆದಂಡೆಯ ಊರು, ಹುಟ್ಟಿದಾಗಿನಿಂದ ಹೊಳೆಯ ನೀರು ಕುಡಿದವರು. "ನೀವು ಜಗಳೂರು ಕಡೇರಲ್ಲ ಅಲ್ವಾ" ಅಂದೆ. ಜೋರಾಗಿ ಅನ್ನಲಿಲ್ಲ. ಅವರು ರಿಮೋಟು ಹುಡುಕಿ ಟಿ.ವಿ. ಸದ್ದು ಹೆಚ್ಚಿಸಿದರು. ಜಾಹೀರಾತು ಇನ್ನೂ ಮುಗಿದಿರಲಿಲ್ಲ.

ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಹಾಗಾಗಿ ನಾನು ಕಳ್ಳಿಯಾದೆ. ಎಂಟಕ್ಕೆ ಹೊರಗೆ ಪಡಸಾಲೆಯಲ್ಲಿ ಮೂವರು ಉಣ್ಣುವಾಗ, ಒಲೆಯ ಹತ್ತಿರ ನಿಂತುಕೊಂಡೇ ಆರಿದ ಅರ್ಧ ರೊಟ್ಟಿಯಲ್ಲಿ ಪಲ್ಯ ಸುತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಸಾರಿನ ಸೌಟು ಒಂದು ಕೈಯಲ್ಲಿ, ರೊಟ್ಟಿ ಇನ್ನೊಂದು ಕೈಯಲ್ಲಿ. ಯಾರಾದರೂ "ಸಾರು" ಅಂದರೆ ಅಗಿಯುವುದನ್ನು ನಿಲ್ಲಿಸಿ ಕೆನ್ನೆಯಲ್ಲಿಟ್ಟುಕೊಂಡು ಹೋಗಿ ನೀಡಿ ಬರುತ್ತಿದ್ದೆ. ಒಂದು ಸಂಜೆ ನೀರಿಗೆ ಅಂತ ನೆಗೆಣ್ಣಿ ಒಳಗೆ ಬಂದವಳು ನನ್ನ ಉಬ್ಬಿದ ಕೆನ್ನೆ ನೋಡಿದಳು. ನೋಡಿ ನಕ್ಕಳು. ಎಲ್ಲ ಹಲ್ಲೂ ಬಿಟ್ಟು, ಸೊಂಟ ಹಿಡಿದುಕೊಂಡು.

"ಅಯ್ಯೋ ಅಕ್ಕ, ನಿನ್ನ ಮನ್ಯಾಗೆ ನೀನೇ ಕದ್ದು ತಿಂತೀಯಲ್ಲ!"

ನನಗೆ ಎಲ್ಲಿತ್ತೋ ಸಿಟ್ಟು. ಸೌಟು ಕೆಳಗಿಟ್ಟು ಅವಳ ರಟ್ಟೆ ಹಿಡಿದು ದೀಪದ ಕೆಳಗೆ ಎಳೆದೆ. ತುತ್ತು ನುಂಗಿ, ತಲೆ ಹಿಂದಕ್ಕೆ ಬಾಗಿಸಿ, ಯಾರಿಗೂ ತೋರಿಸದ ಬಾಯಿಯನ್ನು ಅವಳಿಗೆ ಅಗಲವಾಗಿ ತೆರೆದು ತೋರಿಸಿದೆ. "ಒಳಗಡೆ ನೋಡು. ನೋಡಿದ್ಯಾ? ಇದು ಜಗಳೂರು ನೀರಲ್ಲ. ನೀವೆಲ್ಲ ಉಂಡ್ಮೇಲೆ ಉಂಡಿದ್ದು. ನೀನು ಎಂಟಕ್ಕೆ ಉಂಡು ಪಳಪಳ ಅಂತ ಓಡಾಡು. ನಿನ್ನ ಕಂಡ್ರೆ ನನಗೆ ಮೈಯೆಲ್ಲ ಉರಿತೈತೆ, ಗೊತ್ತೇನು ನಿನಗೆ?"

ಅವಳ ಬಾಯಿ ಮುಚ್ಚಿತು. ಅವಳು ಈ ಮನೆಗೆ ಬಂದಾಗಿನಿಂದ ನಾನು ನೋಡಲು ಕಾದಿದ್ದದ್ದು ಅದೊಂದನ್ನೇ, ಅವಳ ಬಾಯಿ ಮುಚ್ಚುವುದನ್ನು. ನೀರಿನ ಚೊಂಬು ತುಂಬಿಕೊಂಡು ಹೊರಗೆ ಹೋದಳು.

ಮರುದಿನ ಸಂಜೆ ಅವಳು ಮಂಡಕ್ಕಿ ತರಲಿಲ್ಲ. ಕೈಕಾಲು ತೊಳೆದು ನೇರ ಅಡುಗೆಮನೆಗೆ ಬಂದು ಹೆಂಚಿನ ಮುಂದೆ ಕೂತಳು. ಎಂಟಕ್ಕೆ ಪಡಸಾಲೆಯಲ್ಲಿ ಮಾವನಿಗೆ, ಮೈದುನನಿಗೆ ತಟ್ಟೆ ಹಾಕಿ, ಮೂರನೆಯದನ್ನೂ ಹಾಕಿ ನನ್ನನ್ನು ಕರೆದಳು. "ಕುಂದ್ರಕ್ಕ. ಇವತ್ತಿಂದ ರೊಟ್ಟಿ ನಾ ಬಡೀತೀನಿ, ನಾನೇ ನೀಡ್ತೀನಿ. ನೀ ಉಣ್ಣು. ಭಾವ ಬಂದ್ಮೇಲೆ ನಾವಿಬ್ರೂ ಸೇರಿ ನೋಡ್ಕಳಾಣ." ಮಾವ ತಲೆಯೆತ್ತಿ ನನ್ನನ್ನು ನೋಡಿ, "ಕುಂತ್ಕಳವ್ವಾ ಮತ್ತೆ" ಅಂದರು. ಗಂಡ ಇನ್ನೂ ಅಂಗಡಿಯಲ್ಲಿದ್ದ. ಅವನಿಗಿಂತ ಮೊದಲು ಆ ಮನೆಯ ಪಡಸಾಲೆಯಲ್ಲಿ ತಟ್ಟೆಯ ಮುಂದೆ ನಾನು ಕೂತದ್ದು ಅದೇ ಮೊದಲು. ಕಾಲು ಹೇಗೆ ಮಡಚಬೇಕು ಅಂತಲೇ ತಿಳಿಯಲಿಲ್ಲ.

ಟಿ.ವಿ. ಮುಂದಿನಿಂದ ಅತ್ತೆಯ ದನಿ ಬಂತು. ನನ್ನನ್ನು ಬೈಯುತ್ತಾರೆ ಅಂತ ಬೆನ್ನು ಗಟ್ಟಿ ಮಾಡಿಕೊಂಡೆ. ಅವರು ಅಂದದ್ದು, "ಎಂಥ ಗುಣವಂತೆ ನೋಡು ಆ ಹುಡ್ಗಿ. ದಿನಾ ದುಡಿದು ಸುಸ್ತಾಗಿ ಬಂದ್ರೂ ಎಲ್ಲರಿಗೂ ನೀಡಾಕೆ ನಿಂತೈತೆ." ಮೈದುನ ಹೆಂಡತಿಯನ್ನು ನೋಡಿದ ನೋಟ ಹೇಳುವುದೇ ಬೇಡ. ಮಾವ ಕೂಡ ತಲೆದೂಗಿದರು. ಇಷ್ಟು ವರ್ಷ ಇದೇ ಜಾಗದಲ್ಲಿ ಬಗ್ಗಿ, ಇದೇ ಸೌಟು ಹಿಡಿದು ಇವರೆಲ್ಲರಿಗೂ ನೀಡಿದವಳು ನಾನು. ಒಬ್ಬರಾದರೂ ಒಂದು ದಿನ ಗುಣದ ಮಾತೆತ್ತಲಿಲ್ಲ. ಅವಳು ಒಂದು ಸಂಜೆ ನೀಡಿದಳು, ಗುಣವಂತೆಯಾದಳು! ಎದ್ದು ಹೋಗಿ ಆ ಸೌಟು ಕಿತ್ತುಕೊಳ್ಳೋಣ ಅನಿಸಿತು. ಒಂದು ಮಂಡಿ ಎತ್ತಿಯೂ ಆಗಿತ್ತು.

ಅಷ್ಟರಲ್ಲಿ ಅವಳು ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಹಾಗೇ ತಂದು ನನ್ನ ತಟ್ಟೆಗೆ ಹಾಕಿ, ಪಕ್ಕಕ್ಕೆ ಹೊಗೆಯಾಡುವ ಸಾರು ಬಿಟ್ಟಳು. ಮದುವೆಯಾಗಿ ಬಂದ ಮೇಲೆ ನನ್ನ ತಟ್ಟೆಗೆ ಬಿದ್ದ ಮೊದಲ ಬಿಸಿ ರೊಟ್ಟಿ. ಮಂಡಿ ಇಳಿಸಿದೆ. ತುಂಡು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಆ ಬಿಸಿ ನನ್ನ ಸವೆದ ಹಲ್ಲುಗಳಿಗೆ ತಾಗಿದ್ದೇ, ನೋವು ಒಸಡಿನಿಂದ ಕಣ್ಣಿನವರೆಗೆ ಸೆಳೆದುಕೊಂಡು ಹೋಯಿತು. ಇಷ್ಟು ವರ್ಷ ಬಿಸಿಗೆ ಆಸೆಪಟ್ಟು, ಸಿಕ್ಕ ದಿನ ಅದನ್ನು ತಿನ್ನುವ ಹಲ್ಲು ನನ್ನ ಹತ್ತಿರ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿ ತಟ್ಟೆ ಮಂಜಾಯಿತು.

"ಖಾರ ಆತಾ ಅಕ್ಕ?" ಅಂತ ಅವಳು ಬಗ್ಗಿ ಕೇಳಿದಳು.

"ಇಲ್ಲ" ಅಂದೆ. "ಇನ್ನೊಂದು ಹಾಕು. ಬಿಸೀದೇ ಹಾಕು."